ಓದುಗರ ಸ್ಪಂದನ: ‘ಮಗು ಚಿಕ್ಕದು, ಸ್ವಲ್ಪ ಆರಾಮಾಗಿರಿ’

ಕಳೆದ ಸಂಚಿಕೆಯ ಸಮಸ್ಯೆ: ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಟೀಮ್ ಲೀಡ್ ಆಗಿದ್ದೆ. ಹೆರಿಗೆ ರಜೆ ಮುಗಿಸಿ ಬರುವಷ್ಟರಲ್ಲಿ ನನ್ನ ತಂಡ ಜೂನಿಯರ್ ಒಬ್ಬರ ಕೈಗೆ ಹೋಗಿತ್ತು. ಬಡ್ತಿ ಪಟ್ಟಿಯಲ್ಲೂ ನನ್ನ ಹೆಸರಿಲ್ಲ. ‘ಮಗು ಚಿಕ್ಕದು, ಸ್ವಲ್ಪ ಆರಾಮಾಗಿರಿ’ ಅನ್ನುತ್ತಾರೆ ಮ್ಯಾನೇಜರ್. ಕೇಳಿದರೆ ಜಗಳಗಂಟಿ ಅನ್ನಿಸಿಕೊಳ್ಳುವ ಭಯ. ಏನು ಮಾಡಲಿ?

ಆರಾಮಾಗಿರಿ ಅನ್ನುವ ಮೊದಲು ನಿಮ್ಮನ್ನು ಒಂದು ಮಾತು ಕೇಳಿದ್ದರೇ? ಎಚ್‌ಆರ್ ವಿಭಾಗದಲ್ಲಿ ಬಹಳ ವರ್ಷ ಇದ್ದವಳು ನಾನು. ಬಡ್ತಿಯ ಮೀಟಿಂಗಿನಲ್ಲಿ ಹೆಣ್ಣುಮಗಳ ಹೆಸರು ಬಂದಾಗ ‘ಅವರಿಗೆ ಈಗ ಟ್ರಾವೆಲ್ ಕಷ್ಟ’ ಅಂತ ಯಾರೋ ಅನ್ನುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ, ಅಲ್ಲಿಗೆ ಮುಗಿಯಿತು. ಹೊಸದಾಗಿ ಅಪ್ಪನಾದವನ ಬಗ್ಗೆ ಈ ಮಾತು ಬಂದದ್ದನ್ನು ನಾನಂತೂ ಕೇಳಿಲ್ಲ. ಆದ್ದರಿಂದ ಮುಂದಿನ ಪಟ್ಟಿ ತಯಾರಾಗುವ ಮೊದಲೇ ಇಮೇಲ್ ಹಾಕಿ. ಟ್ರಾವೆಲ್‌ಗೆ, ಹೊಸ ಪ್ರಾಜೆಕ್ಟಿಗೆ ಸಿದ್ಧವಿದ್ದರೆ ಹಾಗೆಂದು ಬರೆಯಿರಿ. ಈ ಸಲ ಯಾವ ಮಾನದಂಡದ ಮೇಲೆ ಬಿಟ್ಟಿರಿ ಅಂತ ಕೇಳಿ. ಬಾಯಿಮಾತಿನಲ್ಲಿ ಉತ್ತರ ಕೊಟ್ಟರೆ ‘ನೀವು ಹೀಗೆ ಹೇಳಿದಿರಿ’ ಎಂದು ಅವತ್ತೇ ಬರೆದು ಕಳಿಸಿ. ದನಿ ಏರಿಸುವುದು ಬೇಡ. 26 ವಾರದ ರಜೆ 2017ರಿಂದ ಕಾನೂನೇ ಕೊಟ್ಟದ್ದು. ಆ ಅವಧಿಯಲ್ಲಿ ಸೇವಾ ಷರತ್ತುಗಳನ್ನು ಆಕೆಗೆ ನಷ್ಟವಾಗುವಂತೆ ಬದಲಿಸಕೂಡದು ಅಂತಲೂ ಕಾನೂನಿದೆ. ಅಂದ ಹಾಗೆ, 50 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕ್ರೆಶ್ ಕಡ್ಡಾಯ. ನಿಮ್ಮಲ್ಲಿ ಇದೆಯೇ?
– ನಿವೃತ್ತ ಎಚ್‌ಆರ್ ಅಧಿಕಾರಿ, ಮೈಸೂರು

ನಮ್ಮ ಕೊಡಗಿನ ಸಿ.ಬಿ. ಮುತ್ತಮ್ಮನವರು ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಬಡ್ತಿ ತಪ್ಪಿದಾಗ ಸರ್ಕಾರದ ವಿರುದ್ಧವೇ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. ಮಹಿಳಾ ಅಧಿಕಾರಿ ಮದುವೆಗೆ ಸರ್ಕಾರದ ಅನುಮತಿ ಪಡೆಯಬೇಕು, ಸಂಸಾರದಿಂದ ಕೆಲಸ ಕೆಡುತ್ತದೆ ಅನ್ನಿಸಿದರೆ ಅವಳ ರಾಜೀನಾಮೆ ಕೇಳಬಹುದು ಎಂದು ಆಗ ನಿಯಮವೇ ಇತ್ತು! ಕೇಸು ನಡೆಯುತ್ತಿದ್ದಾಗಲೇ ಬಡ್ತಿ ಕೊಟ್ಟುಬಿಟ್ಟರು. ಹಾಗಾಗಿ 1979ರಲ್ಲಿ ಅರ್ಜಿ ವಜಾ ಆಯಿತು. ಆದರೆ ಅವರ ಸೇವಾ ಜ್ಯೇಷ್ಠತೆಯನ್ನು ಮರುಪರಿಶೀಲಿಸಿ, ತಾರತಮ್ಯದ ನಿಯಮಗಳನ್ನು ಸರಿಪಡಿಸಿ ಎಂದು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬರೆದರು. ಮುತ್ತಮ್ಮನವರನ್ನೂ ಜಗಳಗಂಟಿ ಅಂದವರು ಇದ್ದಿರಬೇಕು. ಇಮೇಲ್ ಹಾಕಲು ನೀವೇಕೆ ಅಂಜುತ್ತೀರಿ?
– ಓದುಗ, ಮಡಿಕೇರಿ

ಆ ಜೂನಿಯರ್ ಜತೆ ಮುನಿಸು ಬೇಡ ಮೇಡಂ. ನನಗೂ ಹೀಗೇ ಒಬ್ಬರ ತಂಡ ಸಿಕ್ಕಿತ್ತು. ‘ಅವರೇ ಬೇಡ ಅಂದರು’ ಎಂದು ನನಗೆ ಹೇಳಿದ್ದರು. ಅವರು ಬಂದು ಕೇಳಿದ ಮೇಲೆ ತಾನೇ ನಿಜ ಗೊತ್ತಾಗಿದ್ದು. ಇಬ್ಬರೂ ಒಟ್ಟಿಗೆ ಬಾಸ್ ಹತ್ತಿರ ಹೋದೆವು. ದೊಡ್ಡ ತಂಡ, ಎರಡು ಮಾಡಿ ಇಬ್ಬರಿಗೂ ಕೊಟ್ಟರು.
– ಸಾಫ್ಟ್‌ವೇರ್ ಉದ್ಯೋಗಿ, ಹುಬ್ಬಳ್ಳಿ

ಹೋರಾಡಿ ಅಂತ ಎಲ್ಲರೂ ಬರೆಯುತ್ತಾರೆ, ಇಎಂಐ ಕಟ್ಟುವವರು ಯಾರಮ್ಮ? ಬೇರೆ ಕಡೆಯದೊಂದು ಆಫರ್ ಕೈಯಲ್ಲಿಟ್ಟುಕೊಂಡೇ ಕೇಳು. ಷೇರುಪೇಟೆಯಲ್ಲಿರುವ ಕಂಪನಿಯ ನಿರ್ದೇಶಕ ಮಂಡಳಿಯಲ್ಲಿ ಒಬ್ಬಳಾದರೂ ಮಹಿಳೆ ಇರಬೇಕೆಂದು 2013ರ ಕಾಯ್ದೆ ಹೇಳುತ್ತದಂತೆ. ಸಂತೋಷ. ನಡುವಿನ ಹುದ್ದೆಗಳಲ್ಲೇ ತಡೆದರೆ ಅಲ್ಲಿಗೆ ಹೋಗುವವರು ಎಲ್ಲಿಂದ ಬರಬೇಕು? ಇನ್ನೊಂದು ಮಾತು. ಮಗುವಿಗೆ ಜ್ವರ ಅಂತ ಫೋನ್ ಬಂದರೆ ಒಂದು ಸಲ ನೀನು ಓಡು, ಇನ್ನೊಂದು ಸಲ ನಿನ್ನ ಗಂಡ ಓಡಲಿ. ಅವರ ನಂಬರನ್ನೂ ಕ್ರೆಶ್‌ನಲ್ಲಿ ಬರೆಸು.
– ನಿವೃತ್ತ ಬ್ಯಾಂಕ್ ಉದ್ಯೋಗಿ, ಶಿವಮೊಗ್ಗ