ಅಪ್‌ಡೇಟ್: ಸೋಲಾರ್ ಒಪ್ಪಂದ ರದ್ದುಮಾಡಿಸುವ ಕಂಪನಿಗೆ ಹಣ ಕೊಡಲಿಲ್ಲ

ಕ್ಯಾಲಿಫೋರ್ನಿಯಾದ ನಮ್ಮ ಮನೆಯ ಸೋಲಾರ್ ಸಾಲವನ್ನು ರದ್ದುಮಾಡಿಸಲು ಒಂದು ಕಂಪನಿ 4,500 ಡಾಲರ್ ಮುಂಗಡ ಕೇಳುತ್ತಿದೆ, ಕೊಡಬಹುದೇ ಎಂದು ಮೂರು ವಾರಗಳ ಹಿಂದೆ ಕೇಳಿದ್ದೆ. ಕೊಡಲಿಲ್ಲ. ತಡೆದವರಿಗೆಲ್ಲ ಹೃತ್ಪೂರ್ವಕ ಧನ್ಯವಾದ.

‘ಯಾವ ವಕೀಲರು ನೋಡುತ್ತಾರೆ, ಬರೆದು ಕೊಡಿ ಎಂದು ಕೇಳಿ’ ಎಂಬ ಸಲಹೆಯೇ ಕೆಲಸ ಮಾಡಿತು. ಕಂಪನಿಯವರು ವಕೀಲರ ಹೆಸರು ಕೊಡಲಿಲ್ಲ, ‘ಇಂದೇ ಸಹಿ ಮಾಡಿ, ಕಂತು ಕಟ್ಟುವುದನ್ನು ನಿಲ್ಲಿಸಿ, ಸಾಲದಾತರೊಂದಿಗೆ ಮಾತನಾಡಬೇಡಿ’ ಎಂದರು. ನನಗೆ ನಿಜಕ್ಕೂ ಭಯವಾದದ್ದು ಆಗಲೇ. ಕಂತು ತಪ್ಪಿದರೆ ಕ್ರೆಡಿಟ್ ಸ್ಕೋರ್ ಕುಸಿಯುವುದು ನಮ್ಮದು, ಅವರದಲ್ಲ.

ಸಹಿ ಮಾಡಿದ ಮೂರು ದಿನಗಳೊಳಗೆ ಒಪ್ಪಂದ ರದ್ದುಮಾಡುವ ಹಕ್ಕನ್ನು ಬಳಸಿ ಎಂಬ ಸಲಹೆ ಫಲಿಸಲಿಲ್ಲ; ಸೋಲಾರ್ ಒಪ್ಪಂದಕ್ಕೆ ಸಹಿ ಮಾಡಿ ವರ್ಷ ಕಳೆದಿತ್ತು. ರಾಜ್ಯದ ಗುತ್ತಿಗೆದಾರರ ಪರವಾನಗಿ ಮಂಡಳಿಗೆ ದೂರು ಕೊಟ್ಟೆ, ಅದು ಉಚಿತ. ಅನಂತರ ಅಳವಡಿಸಿದವರು ಬಂದು ಕೆಟ್ಟಿದ್ದ ಇನ್ವರ್ಟರ್ ಬದಲಿಸಿದರು. ಸಾಲ ಉಳಿದಿದೆ, ವಿದ್ಯುತ್ ಬರುತ್ತಿದೆ.

ಅಚ್ಚರಿಯೆಂದರೆ, ನಮ್ಮ ಸಾಲಪತ್ರದಲ್ಲೇ ‘ಹೋಲ್ಡರ್ ನಿಯಮ’ದ ಸೂಚನೆ ಇತ್ತು: ಮಾರಾಟಗಾರರ ವಿರುದ್ಧದ ತಕರಾರನ್ನು ಸಾಲದಾತರ ಮುಂದೆಯೂ ಎತ್ತಬಹುದು. ನಿಮ್ಮ ಪತ್ರದಲ್ಲೂ ಹುಡುಕಿ ನೋಡಿ.