ದೊಡ್ಡ ಫ್ರೇಮಿನ ರಿವಾಲ್ವರ್‌ಗಳಲ್ಲಿ ನಿಮ್ಮ ಕೈಗೆ ಒಗ್ಗಿದ್ದು ಯಾವುದು?

ಪ್ರಶ್ನೆ: ಮೂಡಿಗೆರೆ ತೋಟದವನು

ನಮಸ್ಕಾರ. ಮೂಡಿಗೆರೆ ಹತ್ತಿರ ನಮ್ಮದು ಕಾಫಿ, ಮೆಣಸಿನ ತೋಟ. ಮನೆಯಲ್ಲಿ ಅಪ್ಪನ ಕಾಲದ 12 ಬೋರಿನ ಜೋಡಿ ನಳಿಗೆ ಕೋವಿ ಇದೆ. ಲೈಸೆನ್ಸ್ ರಿನ್ಯೂ ಮಾಡಿಸೋದು, ಚುನಾವಣೆ ಬಂದಾಗ ಠಾಣೆಯಲ್ಲಿ ಇಟ್ಟು ರಸೀದಿ ತರೋದು, ನನಗೂ ಕೋವಿಗೂ ಇದ್ದ ನಂಟು ಇಷ್ಟೇ. ರಿವಾಲ್ವರ್ ಮುಟ್ಟಿಯೇ ಇರಲಿಲ್ಲ.

ಹೋದ ವರ್ಷ ಟೆಕ್ಸಾಸ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಅಳಿಯನಿಗೆ ಇದರ ಹುಚ್ಚು ಜಾಸ್ತಿ. ವಿಸಿಟರ್ ವೀಸಾದಲ್ಲಿ ಹೋದವರು ಅಲ್ಲಿ ಸುಮ್ನೆ ಕೋವಿ ಹಿಡಿಯೋ ಹಾಗಿಲ್ಲವಂತೆ. ಮೊದಲು ಬೇಟೆ ಲೈಸೆನ್ಸ್ ಮಾಡಿಸಿ, ಆಮೇಲೆ ಗುಂಡು ಹೊಡೆಯೋ ರೇಂಜಿಗೆ ಕರೆದುಕೊಂಡು ಹೋದ. ಕೈಗೆ ಕೊಟ್ಟಿದ್ದು ಸ್ಮಿತ್ ಅಂಡ್ ವೆಸನ್ 629, ಆರು ಇಂಚಿನ ನಳಿಗೆ, .44 ಮ್ಯಾಗ್ನಮ್ (.44 ಅನ್ನೋದು ಗುಂಡಿನ ದಪ್ಪ, ಮ್ಯಾಗ್ನಮ್ ಅಂದರೆ ಜೋರು ಜಾಸ್ತಿ). ಮೊದಲ ಈಡಿಗೇ ನಳಿಗೆ ಸೂರು ನೋಡಿತು. ಆರರಲ್ಲಿ ಕಾಗದಕ್ಕೆ ತಾಗಿದ್ದು ಎರಡು. ಎರಡೂ ಕೆಳ ಅಂಚಿನಲ್ಲಿ. ಆದರೂ ಆ ತೂಕ, ಗುಂಡು ತುಂಬೋ ಆ ಸಿಲಿಂಡರ್ ತಿರುಗೋ ರೀತಿ, ಮನಸ್ಸಿನಿಂದ ಹೋಗ್ತಾನೇ ಇಲ್ಲ.

ಈ ಸಲ ಕಾಫಿಗೆ ಬೇಕಾದ ಹೂಮಳೆ, ಅದರ ಹಿಂದೆ ಬರೋ ಬ್ಯಾಕಿಂಗ್ ಮಳೆ ಎರಡೂ ಮುಗಿದ ಮೇಲೆ ಮತ್ತೆ ಹೋಗ್ತಿದ್ದೀನಿ. ದಿನವಿಡೀ ಹೊಡೆದರೂ ಬೇಸರ ಆಗದ ದೊಡ್ಡ ರಿವಾಲ್ವರ್ ಯಾವುದು? ನನ್ನ ಗುಂಡು ಕೆಳಗೆ ಬಿದ್ದಿದ್ದು ಯಾಕೆ? ಇನ್ನೂ ಸಣ್ಣದನ್ನ ಕೇಳಲಾ?

ಉತ್ತರ: ಸಕಲೇಶಪುರ 29

ಸಾರ್, ಸಣ್ಣದನ್ನ ಕೇಳಬೇಡಿ. ರಿವಾಲ್ವರ್ ಅದೇ ಇರಲಿ, ತೋಟಾ (ಗುಂಡು, ಮದ್ದು ಸೇರಿದ ಕಾರ್ಟ್ರಿಜ್) ಬದಲಾಯಿಸಿ.

ನಾನು ಹದಿನಾರು ವರ್ಷ ಅರಿಜೋನಾದಲ್ಲಿದ್ದೆ, ಗ್ರೀನ್ ಕಾರ್ಡ್ ಇತ್ತು. ಈಗ ಅಮ್ಮನ ಜೊತೆ ಸಕಲೇಶಪುರದಲ್ಲಿದ್ದೀನಿ. ಬರುವಾಗ ಐದು ರಿವಾಲ್ವರ್ ಮಾರಿ ಬಂದೆ. ನಾಲ್ಕನ್ನ ಮರೆತಿದ್ದೀನಿ ಅಂದರೂ ತಪ್ಪಿಲ್ಲ. ಒಂದು ಮಾತ್ರ ಇವತ್ತಿಗೂ ಕಾಡುತ್ತೆ. ಮಾಡೆಲ್ 29, ಆರೂವರೆ ಇಂಚಿನ ನಳಿಗೆ, ಕಡು ನೀಲಿ ಪಾಲಿಶ್. ನಿಮ್ಮ ಅಳಿಯನ 629 ಅದರದ್ದೇ ಸ್ಟೇನ್‌ಲೆಸ್ ರೂಪ.

ನಿಮ್ಮ ಗುಂಡು ಕೆಳಗೆ ಹೋಗಿದ್ದಕ್ಕೆ ಕಾರಣ ಹೇಳ್ತೀನಿ. ಒದೆತ ಬರುತ್ತೆ ಅಂತ ಕೈಗೆ ಗೊತ್ತಾಗಿಬಿಟ್ಟಿರುತ್ತೆ. ಟ್ರಿಗರ್ ಒತ್ತೋ ಗಳಿಗೆಗೆ ಮಣಿಕಟ್ಟು ತಾನಾಗೇ ನಳಿಗೆಯ ಮೂತಿಯನ್ನ ಕೆಳಗೆ ತಳ್ಳುತ್ತೆ. ಅಳಿಯನಿಗೆ ಹೀಗೆ ಮಾಡೋಕೆ ಹೇಳಿ. ಸಿಲಿಂಡರಿನ ಆರು ಮನೆಯಲ್ಲಿ (ತೋಟಾ ಕೂರೋ ತೂತು) ನಾಲ್ಕಕ್ಕೆ ತೋಟಾ, ಎರಡಕ್ಕೆ ಹೊಡೆದ ತೋಟಾದ ಖಾಲಿ ಕೇಸು, ಅಂದರೆ ಉಳಿದ ಕೊಳವೆ. ನಿಮಗೆ ಕಾಣದ ಹಾಗೆ ಸಿಲಿಂಡರ್ ತಿರುಗಿಸಿ ಮುಚ್ಚಿ ಕೊಡಲಿ. ಖಾಲಿ ಮನೆ ಬಂದಾಗ ಬರೀ 'ಟಿಕ್' ಅನ್ನುತ್ತೆ, ಆದರೆ ಮೂತಿ ಎರಡು ಬೆರಳಷ್ಟು ಕುಸಿಯೋದು ನಿಮ್ಮ ಕಣ್ಣಿಗೇ ಕಾಣುತ್ತೆ. ನಾನು ಎರಡು ತಿಂಗಳು ಪ್ರತಿ ಭಾನುವಾರ ಇದನ್ನೇ ಮಾಡಿದೆ. ಆಮೇಲೆ ಮೂತಿ ನಿಂತಿತು.

ಈಗ ತೋಟಾ ವಿಷಯ. ಸ್ಮಿತ್‌ನವರ ಈ ದೊಡ್ಡ ಎನ್ ಫ್ರೇಮ್, ಅಂದರೆ ರಿವಾಲ್ವರಿನ ಒಡಲು, 1908ರ ಹೊತ್ತಿಗೆ ಬಂದಿದ್ದು .44 ಸ್ಪೆಷಲ್ ಅನ್ನೋ ತೋಟಾ ಜೊತೆಗೆ. ಮ್ಯಾಗ್ನಮ್ ಆಗ ಇರಲೇ ಇಲ್ಲ. 1935ರಲ್ಲಿ ಇದೇ ಫ್ರೇಮಿಗೆ .357 ಮ್ಯಾಗ್ನಮ್ ಬಂತು. ಎಲ್ಮರ್ ಕೀತ್ ಅನ್ನೋ ಬೇಟೆಗಾರ ವರ್ಷಗಟ್ಟಲೆ .44 ಸ್ಪೆಷಲ್ ಕೇಸಿಗೆ ಜಾಸ್ತಿ ಮದ್ದು ತುಂಬಿ ಹೊಡೆದು, ಇನ್ನೂ ಬಲವಾದದ್ದು ಬೇಕು ಅಂತ ಕಂಪನಿಗಳ ಬೆನ್ನು ಹತ್ತಿದ. 1955ರ ಕೊನೆಗೆ .44 ಮ್ಯಾಗ್ನಮ್ ಹುಟ್ಟಿತು. ಅದರ ಕೇಸು ಸ್ಪೆಷಲ್‌ಗಿಂತ ಮೂರು ಮಿಲಿಮೀಟರ್ ಉದ್ದ. ಹಳೇ ರಿವಾಲ್ವರಿಗೆ ಯಾರೂ ತಪ್ಪಿ ಹಾಕಬಾರದು ಅಂತಲೇ ಹಾಗೆ ಮಾಡಿದ್ದು. ಆದರೆ ಸ್ಪೆಷಲ್ ತೋಟಾ ಮ್ಯಾಗ್ನಮ್ ರಿವಾಲ್ವರಿನಲ್ಲಿ ಆರಾಮಾಗಿ ಕೂರುತ್ತೆ.

ನೀವು ಹೊಡೆದಿದ್ದು ಬಹುಶಃ 240 ಗ್ರೇನ್ (ಗುಂಡು ತೂಗೋ ಅಳತೆ) ತೂಕದ ಗುಂಡು, ಸೆಕೆಂಡಿಗೆ 1,300 ಅಡಿ ದಾಟೋದು. ಸಾದಾ ಸ್ಪೆಷಲ್‌ನಲ್ಲಿ ಗುಂಡಿನ ತೂಕ ಹೆಚ್ಚೂಕಮ್ಮಿ ಅಷ್ಟೇ, ವೇಗ 750 ಅಡಿ ಆಸುಪಾಸು. ಒಂದೂಕಾಲು ಕೆಜಿ ಉಕ್ಕು ಕೈಯಲ್ಲಿರುವಾಗ ಆ ಒದೆತ ಯಾರೋ ಅಂಗೈಯನ್ನ ಮೆಲ್ಲಗೆ ತಳ್ಳಿದ ಹಾಗಿರುತ್ತೆ. ಮೊದಲ ಸಲ ಸ್ಪೆಷಲ್ ಹೊಡೆದ ದಿನ ನನಗೆ ಈ ಫ್ರೇಮ್ ಅರ್ಥವಾಯಿತು. ಹೆಬ್ಬೆರಳಿನಿಂದ ಹ್ಯಾಮರ್ (ಕೋವಿಯ ಕುದುರೆ) ಎಳೀತೀರಿ. ಸಿಲಿಂಡರ್ ಎಡಕ್ಕೆ ಉರುಳಿ ಬಂದು ಕಚ್ಚಿಕೊಳ್ಳುತ್ತೆ. ಮುಂದಿನ ಸೈಟಿನ ಕೆಂಪು ತುಣುಕು ಹಿಂದಿನ ಬಿಳಿ ಗೆರೆಯೊಳಗೆ ಕೂರುತ್ತೆ. ಆಮೇಲೆ ಟ್ರಿಗರ್ ಒತ್ತಿದ್ದೂ ಗೊತ್ತಾಗಲ್ಲ, ಗಾಜಿನ ಕಡ್ಡಿ ಮುರಿದ ಹಾಗೆ ಬಿಟ್ಟುಕೊಡುತ್ತೆ. ನೂರು ಈಡು ಹೊಡೆದರೂ ಕೈ ನೋಯಲ್ಲ. ಎರಡನೇ ಡಬ್ಬಿ ಖಾಲಿಯಾದಾಗ ಅಯ್ಯೋ ಮುಗೀತಲ್ಲ ಅನ್ನಿಸುತ್ತೆ.

ಒಂದು ಕೆಲಸ ಮಾತ್ರ ಮರೀಬೇಡಿ. ಸ್ಪೆಷಲ್ ಕೇಸು ಗಿಡ್ಡ ಅಲ್ವಾ, ಅದರ ಮುಂದೆ ಮನೆಯೊಳಗೆ ಮಸಿ ಉಂಗುರದ ಹಾಗೆ ಕಟ್ಟುತ್ತೆ. ಉಜ್ಜದೆ ಬಿಟ್ಟರೆ ಆಮೇಲೆ ಹಾಕಿದ ಮ್ಯಾಗ್ನಮ್ ಕೇಸು ಸಿಕ್ಕಿಕೊಳ್ಳುತ್ತೆ. ಪ್ರತಿ ಸಲವೂ ಹಿತ್ತಾಳೆ ಬ್ರಶ್ ಹಾಕಿ ಆರೂ ಮನೆ ಉಜ್ಜಿಸಿ. ಇನ್ನೊಂದು, ಎಡಗೈ ಬೆರಳು ಸಿಲಿಂಡರಿನ ಮುಂಭಾಗದ ಹತ್ತಿರ ಹೋಗಬಾರದು. ಸಿಲಿಂಡರಿಗೂ ನಳಿಗೆಗೂ ನಡುವಿನ ಸಂದಿನಿಂದ ಬರೋ ಬಿಸಿ ಗ್ಯಾಸ್ ಚರ್ಮ ಸೀಳುತ್ತೆ. ಜೋಡಿ ನಳಿಗೆ ಹಿಡಿದು ರೂಢಿಯಾದವರ ಕೈ ತಾನಾಗೇ ಮುಂದೆ ಹೋಗುತ್ತೆ. ಅದಕ್ಕೇ ಒತ್ತಿ ಹೇಳ್ತಿದ್ದೀನಿ.

2003ರಲ್ಲಿ ಬಂದ .500 ಮ್ಯಾಗ್ನಮ್ಮನ್ನೂ ಹೊಡೆದಿದ್ದೀನಿ. ಐದೇ ಗುಂಡು ಹಿಡಿಯೋ ಸಿಲಿಂಡರ್, ಎರಡು ಕೆಜಿ ತೂಕ. ಐದಕ್ಕೇ ಕೆಳಗಿಟ್ಟೆ.

ಉತ್ತರ: ಬೇಲೂರು ಟು ಕೊಲರಾಡೊ

ಸಕಲೇಶಪುರದ ಅಣ್ಣ ಹೇಳಿದ್ದು ಒಪ್ತೀನಿ, ಆದರೆ ನನ್ನ ಓಟು ರೂಗರ್ ಕಂಪನಿಯ ರೆಡ್‌ಹಾಕ್ ರಿವಾಲ್ವರ್‌ಗೆ. 1979ರಿಂದ ಬರ್ತಿದೆ. 29ರಷ್ಟು ಚೆಂದ ಇಲ್ಲ, ನಿಜ. ಹ್ಯಾಮರಿಗೂ ಟ್ರಿಗರಿಗೂ ಒಂದೇ ಸ್ಪ್ರಿಂಗ್ ಇರೋದರಿಂದ ಎಳೆತವೂ ಅಷ್ಟು ನುಣುಪಲ್ಲ. ಆದರೆ ಸಿಲಿಂಡರ್ ಹಿಂದೆಯೂ ಕಚ್ಚುತ್ತೆ, ಮುಂದೆಯೂ ಫ್ರೇಮಿಗೇ ಕಚ್ಚುತ್ತೆ. ಹಳೇ 29ಗಳಲ್ಲಿ ಭಾರಿ ತೋಟಾ ಹೊಡೆದಾಗ ಒದೆತಕ್ಕೆ ಸಿಲಿಂಡರ್ ಕಚ್ಚು ಬಿಟ್ಟು ಹಿಂದಕ್ಕೆ ತಿರುಗೋ ದೂರು ಇತ್ತು. 80ರ ದಶಕದ ಕೊನೆಯಲ್ಲಿ ಸ್ಮಿತ್‌ನವರು ಅದನ್ನ ಸರಿಮಾಡಿದರು. ರೆಡ್‌ಹಾಕ್‌ಗೆ ಆ ಚಿಂತೆಯೇ ಇಲ್ಲ. ಇಲ್ಲಿ ಬೆಟ್ಟ ಹತ್ತುವಾಗ ನಾನು ನಂಬೋದು ಅದನ್ನೇ.

ಸಾರ್, ಸಿಲಿಂಡರ್ ತೆಗೆಯೋ ಗುಂಡಿ ನೆನಪಿಟ್ಟುಕೊಳ್ಳಿ. ಸ್ಮಿತ್‌ನಲ್ಲಿ ಮುಂದಕ್ಕೆ ತಳ್ಳಬೇಕು, ಕೋಲ್ಟ್‌ನಲ್ಲಿ ಹಿಂದಕ್ಕೆ ಎಳೀಬೇಕು, ರೂಗರ್‌ನಲ್ಲಿ ಒಳಕ್ಕೆ ಒತ್ತಬೇಕು.

ಉತ್ತರ: ಹಾಸನ ಆರ್ಮರರ್, ನಿವೃತ್ತ

ನಾನು ಪೊಲೀಸ್ ಇಲಾಖೆಯ ಕೋತ್‌ನಲ್ಲಿ (ಆಯುಧ ಇಡೋ ಕೋಣೆ) ಆರ್ಮರರ್, ಅಂದರೆ ಆಯುಧ ನೋಡಿಕೊಳ್ಳೋನು, ಆಗಿದ್ದವನು. ಅಮೆರಿಕದ್ದು ಯಾವುದೂ ನನ್ನ ಕೈಗೆ ಬಂದಿಲ್ಲ. ನನಗೆ ಗೊತ್ತಿರೋದು ಇಂಗ್ಲೆಂಡಿನ ವೆಬ್ಲಿ ರಿವಾಲ್ವರ್. ದೊಡ್ಡದು ಅಂದರೆ ಮಾರ್ಕ್ 6. 1915ರಲ್ಲಿ ಬ್ರಿಟಿಷ್ ಸೈನ್ಯಕ್ಕೆ ಬಂದಿದ್ದು, .455, ಆರು ಇಂಚಿನ ನಳಿಗೆ, ಕೆಜಿಗೂ ಮೇಲೆ ತೂಕ. ಹೆಬ್ಬೆರಳಲ್ಲಿ ಚಿಲಕ ಒತ್ತಿ ನಳಿಗೆಯನ್ನ ಕೆಳಗೆ ಬಗ್ಗಿಸಿದರೆ ನಕ್ಷತ್ರದ ಹಾಗಿರೋ ಎಜೆಕ್ಟರ್ ಎದ್ದು ಆರೂ ಕೇಸನ್ನ ಒಟ್ಟಿಗೆ ಉದುರಿಸುತ್ತೆ. ನಿಮ್ಮ ಜೋಡಿ ನಳಿಗೆ ಬಗ್ಗಿಸಿದ ಹಾಗೇ. ಗುಂಡು ದಪ್ಪ, ನಿಧಾನ. ಒದೆತ ತಳ್ಳುತ್ತೆ, ಹೊಡೆಯಲ್ಲ. ಅಳಿಯಂದಿರ ಸ್ನೇಹಿತರ ಹತ್ತಿರ ಒಂದು ಇದ್ದರೆ ಖಂಡಿತ ಹಿಡಿದು ನೋಡಿ. ಕಾನ್ಪುರದಲ್ಲಿ ಮಾಡೋ .32 ರಿವಾಲ್ವರ್ ಕೂಡ ಅದೇ ವೆಬ್ಲಿ ಮನೆತನದ್ದೇ, ಆದರೆ ಸಣ್ಣದು.

ಈಗ ದಯವಿಟ್ಟು ಇದನ್ನ ಗಮನವಿಟ್ಟು ಓದಿ. ವಾಪಸ್ ಬರುವಾಗ ರೇಂಜಿಗೆ ಒಯ್ದ ಬ್ಯಾಗು, ಪ್ಯಾಂಟಿನ ಜೇಬು, ಜಾಕೆಟ್ಟು ಎಲ್ಲ ಕೊಡವಿ ನೋಡಿ. ಒಂದೇ ಒಂದು ಜೀವಂತ ತೋಟಾ ಉಳಿದಿದ್ದರೂ ವಿಮಾನ ನಿಲ್ದಾಣದಲ್ಲಿ ಆರ್ಮ್ಸ್ ಆಕ್ಟ್ ಕೇಸು ಬೀಳುತ್ತೆ. ನೆನಪಿಗೆ ಅಂತ ಖಾಲಿ ಕೇಸೂ ತರಬೇಡಿ. ನಿಮ್ಮ ಮನೆಯ ಕೋವಿ ಲೈಸೆನ್ಸಿಗೂ ಅದರಿಂದ ತೊಂದರೆ.

ಮೂಡಿಗೆರೆ ತೋಟದವನು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ರಾತ್ರಿ ಅಳಿಯನಿಗೆ ಫೋನ್ ಮಾಡಿದೆ. ಸ್ಪೆಷಲ್ ಐವತ್ತರ ಎರಡು ಡಬ್ಬಿ ತರಿಸಿಡ್ತಾನಂತೆ. ಖಾಲಿ ಕೇಸಿನ ಪರೀಕ್ಷೆ ಹೇಳಿದ್ದಕ್ಕೆ, "ಮಾವ, ನಾನೇ ಮೊದಲು ಮಾಡಬೇಕು" ಅಂದ. ರೆಡ್‌ಹಾಕ್ ಅವನ ಆಫೀಸಿನವರೊಬ್ಬರ ಹತ್ತಿರ ಇದೆಯಂತೆ, ಎರಡನ್ನೂ ಒಂದೇ ದಿನ ಹೊಡೆದು ಬರೀತೀನಿ.

ಆರ್ಮರರ್ ಸಾರ್, ನೀವು ಬರೆದಿದ್ದು ಓದಿದ ತಕ್ಷಣ ಅಟ್ಟದಿಂದ ಆ ಕೈಚೀಲ ಇಳಿಸಿ ಜೇಬೆಲ್ಲ ತಿರುವಿ ಹಾಕಿದೆ. ಕಿವಿಗೆ ಹಾಕೋ ಹಳದಿ ಸ್ಪಂಜು ಒಂದು ಸಿಕ್ಕಿತು, ಬೇರೇನೂ ಇಲ್ಲ. ಈ ಸಲ ರೇಂಜಿಗೆ ಬೇರೆ ಚೀಲ, ಅದು ಮಗಳ ಮನೆಯಲ್ಲೇ ಉಳಿಯುತ್ತೆ.