ಸಹಾಯ ಬೇಕು: ಒಂಬತ್ತು ವರ್ಷ ನಿಂತಿದ್ದ ಪದ್ಮಿನಿ ಕಾರಿಗೆ ಪೆಟ್ರೋಲ್ ಹತ್ತುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಮ್ಮದು ಮೂಡಿಗೆರೆ ಹತ್ತಿರ. ಅಪ್ಪನ 1984ರ ಪ್ರೀಮಿಯರ್ ಪದ್ಮಿನಿ ಒಂಬತ್ತು ವರ್ಷದಿಂದ ಶೆಡ್ಡಿನಲ್ಲೇ ನಿಂತಿತ್ತು. ಅವರು ಹೋದ ಮೇಲೆ ಯಾರೂ ಮುಟ್ಟಿರಲಿಲ್ಲ. ಕಾಫಿ ಕೊಯ್ಲು ಮುಗಿದ ಮೇಲೆ ತಂಗಿ ಮದುವೆ. ಅವಳನ್ನು ಅದರಲ್ಲೇ ಛತ್ರಕ್ಕೆ ಕರೆದುಕೊಂಡು ಹೋಗಬೇಕು ಅಂತ ಆಸೆ.

ಟ್ಯಾಂಕಿನ ಮುಚ್ಚಳ ತೆಗೆದರೆ ವಾರ್ನಿಷ್ ವಾಸನೆ. ಬಸಿದಾಗ ಬಂದದ್ದು ಡಿಕಾಕ್ಷನ್ ಬಣ್ಣದ ಪೆಟ್ರೋಲ್, ತಳದಲ್ಲಿ ನೀರು, ತುಕ್ಕಿನ ಚಕ್ಕೆ. ನಮ್ಮ ಮಳೆಗಾಲ ಗೊತ್ತಲ್ವಾ, ಅರ್ಧ ಖಾಲಿ ಟ್ಯಾಂಕಿನಲ್ಲಿ ತೇವ ಕಟ್ಟದೆ ಇರುತ್ತದಾ?

ಕಾರ್ಬ್ಯುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಭಾಗ) ಬಿಚ್ಚಿ ತೊಳೆದೆ. ಅದರೊಳಗೆ ಪೆಟ್ರೋಲ್ ಹಾಯುವ ಜೆಟ್ಟಿನ ಸಣ್ಣ ತೂತಿನಲ್ಲಿ ಹಲಸಿನ ಮೇಣದ ಹಾಗೆ ಅಂಟು ಕೂತಿತ್ತು. ಫಿಲ್ಟರ್ ಹೊಸದು. ಕಾರ್ಬ್ಯುರೇಟರಿಗೆ ನೇರವಾಗಿ ಸ್ವಲ್ಪ ಪೆಟ್ರೋಲ್ ಹಾಕಿದರೆ ಇಂಜಿನ್ ಹತ್ತುತ್ತದೆ, ಹತ್ತು ಸೆಕೆಂಡಿಗೆ ಆಫ್. ಪಂಪಿನಿಂದ ಒಂದು ಹನಿಯೂ ಬರುತ್ತಿಲ್ಲ. ಪಂಪಿನೊಳಗಿನ ಡಯಾಫ್ರಮ್ (ಪೆಟ್ರೋಲ್ ಎಳೆಯುವ ಪೊರೆ) ಒಣಗಿ ಸೀಳಿದೆ ಅಂತ ನನ್ನ ಅನುಮಾನ. ಇಲ್ಲಾ ಟ್ಯಾಂಕಿನಿಂದ ಬರುವ ಪೈಪ್ ಕಟ್ಟಿದೆಯಾ? ಪಂಪ್ ಬಿಚ್ಚುವ ಮೊದಲೇ ಪತ್ತೆ ಮಾಡುವುದು ಹೇಗೆ?

ಈಗಿನ ಪೆಟ್ರೋಲಿನಲ್ಲಿ 20% ಎಥನಾಲ್ ಇದೆ, ಹಳೇ ರಬ್ಬರ್ ತಡೆಯೋದಿಲ್ಲ. ಹಾಗಾಗಿ ಎಥನಾಲ್ ತಡೆಯುವ ಹೋಸ್ ಮತ್ತು ಪಂಪ್ ಕಿಟ್ ಚಿಕ್ಕಮಗಳೂರು ಅಥವಾ ಹಾಸನದಲ್ಲಿ ಎಲ್ಲಿ ಸಿಗುತ್ತದೆ ಹೇಳಿ. ಟ್ಯಾಂಕ್ ಕತ್ತರಿಸಿ ವೆಲ್ಡ್ ಮಾಡೋಣ ಅಂದರು ಒಬ್ಬರು. ಪೆಟ್ರೋಲ್ ಆವಿ ಇರುವ ಟ್ಯಾಂಕಿಗೆ ಬೆಂಕಿ ತೋರಿಸಲು ನನಗೆ ಧೈರ್ಯವಿಲ್ಲ. ಕತ್ತರಿಸದೆ ತುಕ್ಕು ತೆಗೆಯುವ ಹಳೇ ಮೆಕ್ಯಾನಿಕ್ ಯಾರಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಗಾಡಿ ಎಳೆಸಿಕೊಂಡು ಬರಲು ನಾನು ರೆಡಿ.